ಒಳಗೆ ಬನ್ನಿ

‘ಒಳಗೆ ಬನ್ನಿ’ ಎಂಬ ಮಾತು ನಮ್ಮ ಕಡೆ ಬಹು ಧಾರಾಳ. ಹಾದಿಯಲ್ಲಿ ಹೋಗುವ ಪರಿಚಿತನನ್ನು ಹಾಗೆ ಕರೆಯದೆ ಬಿಟ್ಟರೆ ಅವನಿಗೆ ಬೇಸರ, ನಮಗೆ ಅಪವಾದ. ಆದರೆ ಈ ‘ಒಳಗೆ’ ಎಂಬುದು ಎಲ್ಲಿಂದ ಮೊದಲಾಗುತ್ತದೆ ಎಂಬುದನ್ನು ಕರೆದವನೂ ಹೇಳುವುದಿಲ್ಲ, ಬಂದವನೂ ಕೇಳುವುದಿಲ್ಲ. ನಾನು ಹುಟ್ಟಿ ಬೆಳೆದ ತೊಟ್ಟಿಮನೆಯಲ್ಲಿ ಕೆಲವರಿಗೆ ‘ಒಳಗೆ’ ಎಂದರೆ ಜಗಲಿ, ಕೆಲವರಿಗೆ ಪಡಸಾಲೆ, ಇನ್ನು ಕೆಲವರಿಗೆ ನಡುಮನೆ. ಅಡುಗೆಮನೆಯ ಹೊಸಿಲು ದಾಟುವವರು ಬೆರಳೆಣಿಕೆಯ ಮಂದಿ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆದಿಡದ ಕಾನೂನೇ ಹೆಚ್ಚು ಬಿಗಿ.

ಹೋದ ವರ್ಷ ಮೈಸೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಪ್ರಾಟೆಸ್ಟಂಟ್ ಕ್ರೈಸ್ತರ ಆರಾಧನೆಯಲ್ಲಿ ಕುಳಿತು ಬಂದಾಗಿನಿಂದ ಈ ಮಾತು ನನ್ನ ಮನಸ್ಸನ್ನು ಬಿಟ್ಟಿಲ್ಲ. ಒಬ್ಬನನ್ನು ನಿಜವಾಗಿ ಒಳಗೆ ಕರೆಯುವುದು ಎಂದರೇನು? ತನ್ನದೇ ಆದ ಒಂದು ನಂಬಿಕೆಯನ್ನು ಗಟ್ಟಿಯಾಗಿ ಹಿಡಿದವನು ಅದನ್ನು ಒಪ್ಪದವನನ್ನು ಬರಮಾಡಿಕೊಳ್ಳಬಲ್ಲನೆ? ‘ಎಲ್ಲ ದೇವರೂ ಒಂದೇ’ ಎನ್ನುವವನು ಅವನಿಗಿಂತ ಉದಾರಿಯೆ? ನನ್ನದು ಪಂಡಿತರ ವಿಚಾರವಲ್ಲ. ಒಂದು ಕಾಫಿ ಲೋಟದಿಂದ ಹುಟ್ಟಿದ ವಿಚಾರ.

ನನ್ನ ಊರು ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ. ಊರಿಗೆ ಗೋವಿಂದನ ಹೆಸರು, ಊರ ಗುಡಿ ಶಿವನದು. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ವೀರಸೋಮೇಶ್ವರನ ಕಾಲದಲ್ಲಿ ಕಟ್ಟಿದ ಪಂಚಲಿಂಗೇಶ್ವರ ದೇವಾಲಯ ಅದು. ಐದು ಗರ್ಭಗುಡಿಗಳು ಒಂದೇ ಸಾಲಿನಲ್ಲಿ ನಿಂತಿವೆ. ಈಶಾನ, ತತ್ಪುರುಷ, ಅಘೋರ, ವಾಮದೇವ, ಸದ್ಯೋಜಾತ ಎಂದು ಶಿವನ ಐದು ಮುಖಗಳಿಗೆ ಐದು ಲಿಂಗ. ಸೋಮನಾಥಪುರದಲ್ಲಿ ಕೆಲಸ ಮಾಡಿದ ರೂವಾರಿ ಮಲ್ಲಿತಮ್ಮನ ಕೈ ಇಲ್ಲಿಯೂ ಆಡಿದೆ. ನಮ್ಮ ತಂದೆಗೆ ಈ ಗುಡಿಯ ಮೇಲೆ ಬಹಳ ಅಭಿಮಾನ. “ಗೋವಿಂದನ ಹಳ್ಳಿಯಲ್ಲಿ ಶಿವ, ಒಬ್ಬ ಶಿವನಿಗೆ ಐದು ಬಾಗಿಲು. ನಮ್ಮಲ್ಲಿ ಭೇದವೆಲ್ಲಿದೆ?” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಐದು ಬಾಗಿಲುಗಳನ್ನು ದೂರದಿಂದಲೇ ನೋಡಿ ಕೈ ಮುಗಿದು ಹೋಗುವ ಜನ ಅದೇ ಊರಿನಲ್ಲಿ ಇದ್ದರು ಎಂಬುದು ಅವರಿಗೆ ತಿಳಿಯದೆ ಇರಲಿಲ್ಲ. ತಿಳಿದೂ ಅದು ಭೇದವೆಂದು ಅವರಿಗೆ ತೋರಿರಲಿಲ್ಲ. ಬಿಸಿಲು ಬೀಳುವುದೂ ಮಳೆ ಬರುವುದೂ ಹೇಗೋ ಇದೂ ಹಾಗೆ ಎಂದುಕೊಂಡಿದ್ದರು.

1974ನೆಯ ಇಸವಿಯಲ್ಲಿ ನಾನು ಹೊಸದಾಗಿ ಮೇಷ್ಟರ ಕೆಲಸಕ್ಕೆ ಸೇರಿದ್ದೆ. ನಮ್ಮ ಶಾಲೆಯಲ್ಲಿ ನನ್ನ ವಯಸ್ಸಿನವರೇ ಆದ ಇನ್ನೊಬ್ಬ ಮೇಷ್ಟರಿದ್ದರು; ಕ್ರೈಸ್ತರು, ಮೈಸೂರಿನ ಕಡೆಯವರು. ಶಿಲ್ಪದಲ್ಲಿ ಅವರಿಗೆ ಅಪಾರ ಆಸಕ್ತಿ. ಮಲ್ಲಿತಮ್ಮನ ಕೆಲಸ ನೋಡಬೇಕೆಂದು ಒಂದು ಭಾನುವಾರ ನನ್ನೊಡನೆ ಊರಿಗೆ ಬಂದರು. ಗುಡಿಯ ಮುಂದೆ ನಿಂತು, ಅದರ ನೆರಳಿನಲ್ಲೇ ಬೆಳೆದ ನನಗೆ ಅವರು ಆ ಕಂಬಗಳನ್ನೂ ಭುವನೇಶ್ವರಿಯನ್ನೂ ತೋರಿಸಿ ವಿವರಿಸಿದರು. ಆಮೇಲೆ ಮನೆಗೆ ಬಂದೆವು.

ತಂದೆ “ಬನ್ನಿ ಮೇಷ್ಟ್ರೇ, ಒಳಗೆ ಬನ್ನಿ” ಎಂದರು. ಎಂದು ಜಗಲಿಯ ಮೇಲೆ ಚಾಪೆ ಹಾಸಿದರು. ಕುಶಲಪ್ರಶ್ನೆಯ ನಡುವೆ ಅವರ ತಾತನ ಊರು ಯಾವುದು, ಕಸುಬು ಯಾವುದು ಎಂದು ವಿಚಾರಿಸಿದರು. ಒಬ್ಬನು ಕ್ರೈಸ್ತನೆಂದರೆ ನಮ್ಮ ಹಳ್ಳಿಗಳಿಗೆ ಸಾಲದು. ಅದಕ್ಕೆ ಮೊದಲು ಏನಾಗಿದ್ದರು ಎಂದು ತಿಳಿದುಕೊಳ್ಳುವ ವಿದ್ಯೆ ಅವಕ್ಕೆ ಚೆನ್ನಾಗಿ ಗೊತ್ತು. ತಿಳಿದಮೇಲೆ ಮಾತಿನ ಮರ್ಯಾದೆಯೇನೂ ಕಡಿಮೆಯಾಗಲಿಲ್ಲ. “ನಿಮ್ಮ ಏಸುಸ್ವಾಮಿ ಬೇರೆಯೆ, ನಮ್ಮ ಪಂಚಲಿಂಗೇಶ್ವರ ಬೇರೆಯೆ? ಎಲ್ಲ ದೇವರೂ ಒಂದೇ” ಎಂದರು. ಹಾಗೆನ್ನುತ್ತಲೇ ಜಗಲಿಯ ಗೂಡಿನಲ್ಲಿದ್ದ ಒಂದು ಲೋಟವನ್ನು ತೆಗೆದು ಅವರ ಮುಂದೆ ಇಟ್ಟು ಮೇಲಿನಿಂದ ಕಾಫಿ ಹೊಯ್ದರು. ನನಗೆ ಒಳಗಿನಿಂದ ಬೆಳ್ಳಿಯ ಲೋಟ ಬಂತು. ಅವರು ಕುಡಿದು, ಎದ್ದು, ಅಂಗಳದ ತೊಟ್ಟಿಯ ಬಳಿ ಲೋಟವನ್ನು ತಾವೇ ತೊಳೆದು ಜಗಲಿಯ ಅಂಚಿನಲ್ಲಿ ಬೋರಲು ಹಾಕಿದರು. ಯಾರೂ ಹೇಳಲಿಲ್ಲ, ಅವರಿಗೇ ಗೊತ್ತಿತ್ತು. ನಾನು ನೋಡಿಕೊಂಡು ಕುಳಿತಿದ್ದೆ. ತರಗತಿಯಲ್ಲಿ ಅದೇ ವಾರ ಹುಡುಗರಿಗೆ ಸಂವಿಧಾನದ 17ನೆಯ ವಿಧಿಯನ್ನು ಪಾಠ ಮಾಡಿದ್ದವನು ನಾನು. ಯಾರನ್ನೂ ಪರಕೀಯನೆನ್ನದೆ ನಮ್ಮವನೆನ್ನಬೇಕೆಂಬ ಬಸವಣ್ಣನವರ ವಚನವನ್ನು ಬಾಯಿಪಾಠ ಮಾಡಿಸಿದವನೂ ನಾನೇ. ತಂದೆಯ ಎದುರು ಮಾತಾಡುವ ಧೈರ್ಯ ಬರಲಿಲ್ಲ ಎಂದು ಬಹುಕಾಲ ಸಮಾಧಾನ ಹೇಳಿಕೊಂಡೆ. ಹಿಂತಿರುಗುವಾಗ ದಾರಿಯಲ್ಲಿ ಅವರೊಡನೆ ಮಾತಾಡಲು ಏನು ಅಡ್ಡಿಯಿತ್ತು ಎಂಬುದಕ್ಕೆ ಮಾತ್ರ ಉತ್ತರ ಹುಟ್ಟಲಿಲ್ಲ.

ತಂದೆ ಕೆಟ್ಟವರಾಗಿರಲಿಲ್ಲ. ನನ್ನ ತಂಗಿ ಹುಟ್ಟುವಾಗ ತಾಯಿಗೆ ಕಷ್ಟವಾಗಿ, ಮೈಸೂರಿನ ಮಿಷನ್ ಆಸ್ಪತ್ರೆಗೆ ಕರೆದೊಯ್ದಿದ್ದರು. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅದು. ನಮ್ಮ ಕಡೆಯ ಹೆಂಗಸರಿಗೆ ಅದು ಬರಿಯ ‘ಮಿಷನ್ ಆಸ್ಪತ್ರೆ’. ಅಲ್ಲಿ ತಾಯಿ ಯಾರ ಕೈಯ ನೀರು ಕುಡಿದರು, ಯಾರ ಕೈಯ ಗಂಜಿ ಉಂಡರು ಎಂದು ಯಾರೂ ವಿಚಾರಿಸಲಿಲ್ಲ. ಪ್ರಾಣ ಹೋಗುವ ಸಮಯದಲ್ಲಿ ನಾವು ದಾಟಿದ ಹೊಸಿಲನ್ನು ಪ್ರಾಣ ಉಳಿದ ಮೇಲೆ ಮತ್ತೆ ನೆಟ್ಟೆವು. ಅಷ್ಟೇ.

ಇದಾಗಿ ಐವತ್ತು ವರ್ಷ. ಆ ಮೇಷ್ಟರೂ ನಾನೂ ಬೇರೆ ಬೇರೆ ಊರುಗಳಿಗೆ ವರ್ಗವಾಗಿ, ನಿವೃತ್ತರಾಗಿ, ಮೈಸೂರಿನಲ್ಲಿ ಮತ್ತೆ ಸಂಧಿಸಿದೆವು. ಅವರ ಮದುವೆಯಾಗಿ ಐವತ್ತು ವರ್ಷ ತುಂಬಿದ ಸಂತೋಷಕ್ಕೆ ಭಾನುವಾರದ ಆರಾಧನೆಯಲ್ಲಿ ಕೃತಜ್ಞತೆ ಸಲ್ಲಿಸುವುದೆಂದು ಗೊತ್ತಾಗಿತ್ತು. “ಬನ್ನಿ ಸ್ವಾಮಿ” ಎಂದು ಕರೆದರು. ಹೋದೆ.

ಮೊದಲು ಕಣ್ಣಿಗೆ ಬಿದ್ದದ್ದು ಹಲಗೆಯ ಮೇಲಿನ ಹೆಸರು. ಇಂಗ್ಲಿಷಿನಲ್ಲಿ ‘ಚರ್ಚ್’ ಎಂದಿದ್ದರೂ ಕನ್ನಡದಲ್ಲಿ ‘ದೇವಾಲಯ’ ಎಂದೇ ಬರೆದಿತ್ತು. ನಮ್ಮೂರಿನ ಗುಡಿಗೂ ಇದಕ್ಕೂ ಒಂದೇ ಶಬ್ದ. ಬಾಗಿಲಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಹೆಸರನ್ನೂ ಕೇಳಲಿಲ್ಲ. ಒಂದು ಕೀರ್ತನೆಯ ಪುಸ್ತಕವನ್ನು ಕೈಗೆ ಕೊಟ್ಟು ಬೆಂಚು ತೋರಿಸಿದರು. ಒಳಗೆ ವಿಗ್ರಹವಿಲ್ಲ, ಮೇಜು, ಅದರ ಹಿಂದೆ ಬರಿಯ ಶಿಲುಬೆ, ಪಕ್ಕದಲ್ಲಿ ದೊಡ್ಡ ಬೈಬಲ್. ದೇವರನ್ನು ನೋಡಲು ಹೋಗುವುದು ನಮ್ಮ ರೂಢಿ. ಇಲ್ಲಿಯವರು ಕೇಳಲು ಬರುತ್ತಾರೆ. ಹದಿನಾರನೆಯ ಶತಮಾನದಲ್ಲಿ ಲೂಥರ್ ಮೊದಲು ಮಾಡಿದ ಚಳವಳಿಯ ತಿರುಳೇ ಇದು: ದೇವರ ಮಾತು ಜನರ ಆಡುಮಾತಿನಲ್ಲಿ ಇರಬೇಕು, ಹಾಡು ಎಲ್ಲರ ಬಾಯಲ್ಲೂ ಇರಬೇಕು, ಮನುಷ್ಯ ಉದ್ಧಾರವಾಗುವುದು ತನ್ನ ಪುಣ್ಯದ ಲೆಕ್ಕದಿಂದಲ್ಲ, ದೇವರ ಕೃಪೆಯಿಂದ. ಸಭೆಯವರು ಎದ್ದುನಿಂತು ಹಾಡಿದರು. ಮುದುಕರೂ ಮಕ್ಕಳೂ ರಾಗ ತಪ್ಪಿದವರೂ ತಪ್ಪದವರೂ ಒಟ್ಟಿಗೆ.

ನನಗೆ ಆ ಹಾಡುಗಳು ಹೊಸವು. ಆದರೆ ಅವುಗಳ ನಡುವೆ ಕುಳಿತು ಒಂದು ಸಂಗತಿ ನೆನಪಾಯಿತು. ನಮ್ಮ ಹಳ್ಳಿಯ ಶಾಲೆಯಲ್ಲಿ ಪ್ರತಿದಿನ ಪ್ರಾರ್ಥನೆಗೆ ‘ಕರುಣಾಳು ಬಾ ಬೆಳಕೆ’ ಹಾಡುತ್ತಿದ್ದೆವು. ಅದನ್ನು 1833ರಲ್ಲಿ ಸಮುದ್ರಯಾನದ ನಡುವೆ ಬರೆದವನು ನ್ಯೂಮನ್. ಮುಂದೆ ಅವನು ಕ್ಯಾಥೊಲಿಕನಾದರೂ ಆಗ ಆಂಗ್ಲಿಕನ್ ಸಭೆಯ ಪಾದ್ರಿ. ಕನ್ನಡಕ್ಕೆ ತಂದವರು ಬಿ. ಎಂ. ಶ್ರೀಕಂಠಯ್ಯನವರು, ಅವರ ಹೆಸರಿನ ಮೊದಲಕ್ಷರದ ಬೆಳ್ಳೂರು ನಮ್ಮ ನೆರೆಯ ನಾಗಮಂಗಲ ತಾಲ್ಲೂಕಿನದೇ. ಅಂದರೆ ನಾನು ಅರಿಯದೆಯೇ ಬಾಲ್ಯದಿಂದ ಇವರ ಪಂಕ್ತಿಯಲ್ಲಿ ಕುಳಿತು ಹಾಡಿದ್ದೆ. ನಮ್ಮ ತಂದೆಯೂ ಆ ಹಾಡನ್ನು ಗುನುಗುತ್ತಿದ್ದರು. ಪಾದ್ರಿಯ ಹಾಡಿಗೆ ನಡುಮನೆಯವರೆಗೂ ಅಪ್ಪಣೆಯಿತ್ತು. ಪಾದ್ರಿಯ ಸಭೆಯ ಮೇಷ್ಟರಿಗೆ ಜಗಲಿ.

ಆರಾಧನೆ ನಡೆಯಿತು. ಪಾಪನಿವೇದನೆಯನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಸಭಾಪಾಲಕರು ಪ್ರಸಂಗ ಮಾಡಿದರು. ಅನಂತರ ವಿಶ್ವಾಸಪ್ರಮಾಣ. ಸಭೆಯೆಲ್ಲ ಎದ್ದು, ತಾವು ನಂಬುವುದೇನೆಂದು ಒಂದೊಂದಾಗಿ ಹೇಳುತ್ತದೆ: ಸೃಷ್ಟಿಕರ್ತನಾದ ತಂದೆ, ಶಿಲುಬೆಯ ಮೇಲೆ ಸತ್ತು ಎದ್ದ ಮಗ, ಪವಿತ್ರಾತ್ಮ, ಪಾಪಗಳ ಕ್ಷಮೆ. ನಾನು ಮರ್ಯಾದೆಗಾಗಿ ಎದ್ದು ನಿಂತೆ, ಬಾಯಿ ತೆರೆಯಲಿಲ್ಲ. ಪುಸ್ತಕದಲ್ಲಿ ಎಲ್ಲ ಅಚ್ಚಾಗಿತ್ತು, ಓದಿಬಿಡುವುದು ಸುಲಭ. ಆದರೆ ‘ನಂಬುತ್ತೇನೆ’ ಎಂಬುದು ಓದುವ ಶಬ್ದವಲ್ಲ. ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ. ಎನ್. ಮೂರ್ತಿರಾಯರು 1991ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ‘ದೇವರು’ ಎಂಬ ಪುಸ್ತಕ ಪ್ರಕಟಿಸಿದರು. ತಮಗೆ ನಂಬಿಕೆಯಿಲ್ಲವೆಂದು ಅಷ್ಟು ನೇರವಾಗಿ, ನಂಬುವವರ ಮೇಲೆ ಹಗೆಯಿಲ್ಲದೆ ಹೇಳಿದ ಹಿರಿಯರನ್ನು ಓದಿ ಬೆಳೆದವನು ನಾನು. ಇಲ್ಲದ ನಂಬಿಕೆಯನ್ನು ಸೌಜನ್ಯಕ್ಕಾಗಿ ನಟಿಸಿದರೆ ಅದು ಅತಿಥಿ ಮನೆಯವರಿಗೆ ಮಾಡುವ ಅವಮಾನ. ನನ್ನ ಪಕ್ಕದಲ್ಲಿದ್ದವರು ನನ್ನ ಮೌನವನ್ನು ಗಮನಿಸಿದರು; ಕಣ್ಣು ತಿರುಗಿಸಲಿಲ್ಲ, ಪುಸ್ತಕ ಸರಿಸಿ ತೋರಿಸಲಿಲ್ಲ. ನನ್ನ ಮೌನಕ್ಕೂ ಆ ಬೆಂಚಿನಲ್ಲಿ ಜಾಗವಿತ್ತು.

ಅದಾದಮೇಲೆ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಕ್ಷಿಣ ಭಾರತ ಸಭೆ ಎಂಬುದು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ರೂಪುಗೊಂಡಿತು. ಸ್ವಾತಂತ್ರ್ಯ ಬಂದು ಆರು ವಾರ. ದೇಶ ಒಡೆದು ಉತ್ತರದಲ್ಲಿ ರಕ್ತ ಹರಿಯುತ್ತಿದ್ದ ದಿನಗಳು. ಆಂಗ್ಲಿಕನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನರು, ಕಾಂಗ್ರಿಗೇಷನಲಿಸ್ಟರು — ಶತಮಾನಗಳ ಜಗಳ ಬಿಟ್ಟು ಒಂದಾದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಜಗಳವನ್ನು ಮಂಡ್ಯದ ರೈತನಾಗಲಿ ಮಧುರೆಯ ನೇಕಾರನಾಗಲಿ ಏಕೆ ಹೊತ್ತು ತಿರುಗಬೇಕು? ಒಂದಾದ ಸಭೆ 1950ರಲ್ಲಿ ಕರ್ತನ ಭೋಜನಕ್ಕೆ ತನ್ನದೇ ಆರಾಧನಾಕ್ರಮವನ್ನು ಮಾಡಿಕೊಂಡಿತು. ಅದರಲ್ಲಿ ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದ ಒಂದು ವಿಧಿಯಿದೆ: ‘ಸಮಾಧಾನ’ವನ್ನು ಕೈಯಿಂದ ಕೈಗೆ ಕೊಡುವುದು. ಮೇಜಿನ ಬಳಿಯಿಂದ ಹೊರಟ ಸಮಾಧಾನ ಒಬ್ಬರಿಂದೊಬ್ಬರಿಗೆ ದಾಟಿ ಕೊನೆಯ ಬೆಂಚಿನವರೆಗೆ ಬರುತ್ತದೆ. ಕೊಡುವವನ ಅಂಗೈ ತೆಗೆದುಕೊಳ್ಳುವವನ ಎರಡು ಅಂಗೈಗಳ ನಡುವೆ.

ನಾನು ಮೂರನೆಯ ಬೆಂಚಿನಲ್ಲಿದ್ದೆ. ಮುಂದಿನ ಸಾಲಿನಲ್ಲಿದ್ದ ಮೇಷ್ಟರು ಹಿಂತಿರುಗಿದರು. ನಾನು ಅಭ್ಯಾಸಬಲದಿಂದ ದೂರದಿಂದಲೇ ಕೈ ಮುಗಿದೆ. ಅವರು ಒಂದು ಹೆಜ್ಜೆ ಮುಂದೆ ಬಂದು ಮುಗಿದ ನನ್ನ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳಿಂದ ಹಿಡಿದುಕೊಂಡರು. ಲೋಟ ತೊಳೆದಿಟ್ಟ ಕೈಗಳು ಅವು. ಐವತ್ತು ವರ್ಷದ ಸ್ನೇಹದಲ್ಲಿ ನಾನು ಅವರನ್ನು ಮುಟ್ಟಿರಲಿಲ್ಲವೆಂದಲ್ಲ. ಎಷ್ಟೋ ಸಲ ಕೈ ಕುಲುಕಿದ್ದೆ. ಆದರೆ ಅಂದು ಆ ಜಗಲಿ ಕಣ್ಣ ಮುಂದೆ ಬಂತು. ಪಕ್ಕದವರಿಗೆ ನಾನು ಸಮಾಧಾನವನ್ನು ದಾಟಿಸಬೇಕಾಗಿತ್ತು, ಕೈ ನಡುಗಿತು.

ಕೊನೆಗೆ ಭೋಜನ. ರೊಟ್ಟಿಯ ಚೂರು, ಎಲ್ಲರಿಗೂ ಒಂದೇ ಪಾತ್ರೆಯ ದ್ರಾಕ್ಷಾರಸ. ಎಂಜಲನ್ನು ಕಂಡರೆ ಬೆಚ್ಚುವ ನಮ್ಮಂಥ ದೇಶದಲ್ಲಿ ಇದಕ್ಕಿಂತ ದೊಡ್ಡ ಸಾಹಸ ಇನ್ನೊಂದಿಲ್ಲ. ಆ ಮೇಜಿಗೆ ನನ್ನನ್ನು ಕರೆಯಲಿಲ್ಲ, ಅದು ದೀಕ್ಷಾಸ್ನಾನವಾದವರಿಗೆ. ನಾನು ಕುಳಿತೇ ಇದ್ದೆ. ಇಲ್ಲಿ ಒಂದು ಕ್ಷಣ ನನ್ನೊಳಗಿನ ವಾದಿ ತಲೆ ಎತ್ತಿದ: ‘ಇದೂ ಒಂದು ಜಗಲಿಯೇ ಅಲ್ಲವೆ? ನಿಮ್ಮ ಸ್ವಾಗತಕ್ಕೂ ಒಂದು ಹೊಸಿಲು ಇದ್ದೇ ಇದೆಯಲ್ಲ!’

ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇನ್ನೂ ಎರಡನ್ನು ಸೇರಿಸಬಹುದು. ಒಂದು, ಒಂದೇ ಮಾರ್ಗವೆಂದು ನಂಬುವವರ ಸ್ವಾಗತ ಗಾಳದ ತುದಿಯ ಎರೆಯಿರಬಹುದು ಎಂಬ ಶಂಕೆ. ಇನ್ನೊಂದು, ಸಭೆಯ ಚರಿತ್ರೆಯೂ ನಿಷ್ಕಳಂಕವಲ್ಲ. ತಂಜಾವೂರಿನ ಕಡೆಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ಜಾತಿಗೊಂದು ಸಾಲು ನಡೆಯುತ್ತಿತ್ತು; ಪಾತ್ರೆಗೂ ಜಾತಿ ತಗುಲಿತ್ತು. 1833ರಲ್ಲಿ ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ ಇದು ಕೂಡದೆಂದು ಕಟ್ಟಪ್ಪಣೆ ಮಾಡಿದಾಗ ನಂಬಿಕೆಗಿಂತ ಜಾತಿಯೇ ಹೆಚ್ಚೆಂದು ಸಭೆ ಬಿಟ್ಟು ಹೋದವರು ಅನೇಕರು. ಇಂದಿಗೂ ಮದುವೆಯ ಮಾತು ಬಂದಾಗ ಹಳೆಯ ಹೆಸರು ಮೆಲ್ಲಗೆ ತಲೆಯಿಕ್ಕುತ್ತದೆಂದು ಮೇಷ್ಟರೇ ಒಪ್ಪಿಕೊಳ್ಳುತ್ತಾರೆ. ಅತ್ತ, ಹೊಸಿಲು ದಾಟಿದವರಿಗೆ ನಷ್ಟವೂ ಉಂಟು: 1950ರ ರಾಷ್ಟ್ರಪತಿಯ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು, 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು, ಕ್ರೈಸ್ತರಿಗೆ ವಿಸ್ತರಿಸಲಿಲ್ಲ. ಎರೆಯ ಆಸೆಗೆ ಬಂದರು ಎನ್ನುವವರು ಈ ಲೆಕ್ಕವನ್ನೂ ಹಾಕಬೇಕು.

ಯೋಚಿಸಿದಂತೆಲ್ಲ ನನಗೆ ತೋರುವುದು ಇಷ್ಟು. ಹೊಸಿಲು ಇರುವುದು ತಪ್ಪಲ್ಲ. ಹೊಸಿಲಿಲ್ಲದ್ದು ಮನೆಯೇ ಅಲ್ಲ, ಛತ್ರ. ಆ ಹೊಸಿಲನ್ನು ದಾಟುವುದು ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. ಆ ಮೇಜಿಗೂ ನನಗೂ ನಡುವೆ ಇದ್ದದ್ದು ನಾನು ಹೇಳಲಾರದೆ ಹೋದ ಒಂದು ಮಾತು. ನಾಳೆ ನನ್ನ ಮನಸ್ಸು ಬದಲಾದರೆ ಆ ಅಡ್ಡಿ ಹೋಗುತ್ತದೆ. ಬದಲಾಗದಿದ್ದರೆ ನನ್ನ ಪ್ರಾಮಾಣಿಕತೆ ಉಳಿಯುತ್ತದೆ. ಎರಡೂ ನನ್ನವು. ಆದರೆ ನಮ್ಮ ಜಗಲಿಗೂ ಅಡುಗೆಮನೆಗೂ ನಡುವೆ ಮೇಷ್ಟರಿಗೆ ಇದ್ದ ಅಡ್ಡಿ ಅವರು ಹುಟ್ಟಿದ್ದೇ. ಅದನ್ನು ಅವರು ಯಾವ ಮಾತಿನಿಂದ, ಯಾವ ವಿದ್ಯೆಯಿಂದ, ಯಾವ ನಂಬಿಕೆಯಿಂದ ದಾಟಬಲ್ಲರು? ಅವರ ತಾತ ದೇವರನ್ನೇ ಬದಲಾಯಿಸಿ ನೋಡಿದರೂ ನಮ್ಮ ಗೂಡಿನ ಲೋಟ ಬದಲಾಗಲಿಲ್ಲ.

ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಐತಿಹ್ಯವನ್ನು ಎಲ್ಲರೂ ಬಲ್ಲರು. ರಾಮಾನುಜಾಚಾರ್ಯರು ಊರಾಚೆಯ ಜನಕ್ಕೆ ‘ತಿರುಕ್ಕುಲತ್ತಾರ್’ ಎಂಬ ಗೌರವದ ಹೆಸರು ಕೊಟ್ಟು, ವರ್ಷದಲ್ಲಿ ಗೊತ್ತಾದ ಕೆಲವು ದಿನ ಚೆಲುವನಾರಾಯಣನ ಗುಡಿಗೆ ಪ್ರವೇಶ ಮಾಡಿಸಿದರೆಂದು ಹೇಳುತ್ತಾರೆ. ಆ ಕಾಲಕ್ಕೆ ಅದು ದೊಡ್ಡ ಮಾತು. ಆಚಾರ್ಯರು ತೆರೆದ ಆ ಕೆಲವು ದಿನಗಳನ್ನು ಅವರ ಶಿಷ್ಯರು ಶತಮಾನಗಳಾದರೂ ಹೆಚ್ಚಿಸಲಿಲ್ಲ ಎಂಬುದು ನಮ್ಮ ದೌರ್ಬಲ್ಯ. ಔದಾರ್ಯ ನಮ್ಮಲ್ಲಿ ಹುಟ್ಟದೆ ಹೋಗಿಲ್ಲ. ಹುಟ್ಟಿದ್ದನ್ನು ನಾವು ಬೆಳೆಯಗೊಡಲಿಲ್ಲ.

‘ಎಲ್ಲ ದೇವರೂ ಒಂದೇ’ ಎಂಬ ನಮ್ಮ ಮಾತು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಹೇಳಲು ತಂದೆಗೆ ಏನೂ ಖರ್ಚಾಗಲಿಲ್ಲ. ದೇವರುಗಳನ್ನು ಒಂದು ಮಾಡುವುದು ಸುಲಭ. ಅವರು ಲೋಟ ಕೇಳುವುದಿಲ್ಲ. ‘ನಮ್ಮ ದೇವರು ಒಬ್ಬನೇ, ಮಾರ್ಗವೂ ಒಂದೇ’ ಎನ್ನುವ ಸಭೆಯ ಮಾತು ನನಗೆ ಒಪ್ಪಿಗೆಯಿಲ್ಲ. ಆದರೂ ಆ ಮಾತಿನ ಒಳಗೇ ಇನ್ನೊಂದು ಮಾತಿದೆ: ಆ ಕೃಪೆ ಯಾರ ಯೋಗ್ಯತೆಯನ್ನೂ ನೋಡಿ ಬರುವುದಿಲ್ಲ ಎಂಬುದು. ಇದನ್ನು ನಿಜವಾಗಿ ನಂಬಿದವನು ಅತಿಥಿಯ ಯೋಗ್ಯತೆಯನ್ನು ಹೇಗೆ ಕೇಳಿಯಾನು? ತಾನೇ ಪುಕ್ಕಟೆ ಒಳಗೆ ಬಂದವನು ಬಾಗಿಲಲ್ಲಿ ಚೀಟಿ ಕೇಳಿದರೆ ನಗೆಪಾಟಲು. ಸಭೆ ತನ್ನ ನಂಬಿಕೆಗೆ ತಪ್ಪಿದಾಗಲೆಲ್ಲ, ಅದನ್ನು ತಿದ್ದುವುದಕ್ಕೆ ಹೊರಗಿನಿಂದ ಕೋಲು ತರಬೇಕಾಗಿಲ್ಲ. ಅದರ ವಿಶ್ವಾಸಪ್ರಮಾಣವೇ ಸಾಕು. ನಂಬಿಕೆ ಅಗಲವಾಗಿದೆಯೆ ಇಕ್ಕಟ್ಟಾಗಿದೆಯೆ ಎಂದು ಅಳೆಯುವುದಕ್ಕಿಂತ, ಅದು ನಂಬಿದವನ ಕೈಯನ್ನು ಎಷ್ಟು ದೂರ ಚಾಚಿಸುತ್ತದೆ ಎಂದು ಅಳೆಯುವುದು ಮೇಲು.

ಆರಾಧನೆ ಮುಗಿದಮೇಲೆ ಅಂಗಳದಲ್ಲಿ ಎಲ್ಲರಿಗೂ ಕಾಫಿ ಕೊಟ್ಟರು. ಮರದ ನೆರಳಿನಲ್ಲಿ ಮೇಷ್ಟರೂ ನಾನೂ ನಿಂತೆವು. ಐವತ್ತು ವರ್ಷ ಹೇಳದೆ ಇದ್ದದ್ದನ್ನು ಹೇಳಿದೆ. “1974ರಲ್ಲಿ ನೀವು ನಮ್ಮ ಮನೆಗೆ ಬಂದಿದ್ದಿರಿ. ಆ ಲೋಟ...” ಎಂದೆ. ಮುಂದೆ ಮಾತು ಹೊರಡಲಿಲ್ಲ.

“ನೆನಪಿದೆ” ಎಂದರು. “ಕಾಫಿ ಚೆನ್ನಾಗಿತ್ತು.”

“ಅಂದು ನಾನು ಏನೂ ಹೇಳಲಿಲ್ಲ.”

“ಅದೂ ನೆನಪಿದೆ” ಎಂದರು. ಇದನ್ನು ಅವರು ನಗುತ್ತ ಹೇಳಲಿಲ್ಲ. ನೋವೇ ಆಗಿರಲಿಲ್ಲವೆಂದು ಹೇಳಿ ನನ್ನನ್ನು ಅಗ್ಗವಾಗಿ ಬಿಡಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಮ್ಮ ಎಂದಿನ ಮೇಷ್ಟರ ಧಾಟಿಯಲ್ಲಿ ಹೇಳಿದರು: “ನಮ್ಮ ಆರಾಧನೆಯಲ್ಲಿ ಪಾಪನಿವೇದನೆ ಮೊದಲು, ಸಮಾಧಾನ ಆಮೇಲೆ. ನೀವು ಸಮಾಧಾನ ಮೊದಲು ತೆಗೆದುಕೊಂಡು ಈಗ ಪಾಪನಿವೇದನೆ ಮಾಡುತ್ತಿದ್ದೀರಿ. ಕ್ರಮ ತಪ್ಪಿತು ಸ್ವಾಮಿ, ಆದರೂ ನಡೆಯುತ್ತದೆ.”

ಊರಿನ ತೊಟ್ಟಿಮನೆ ಈಗ ಇಲ್ಲ. ಅದರ ಜಾಗದಲ್ಲಿ ನನ್ನ ತಮ್ಮನ ಮಗ ಸಿಮೆಂಟಿನ ಮನೆ ಕಟ್ಟಿದ್ದಾನೆ. ಅದಕ್ಕೆ ಜಗಲಿಯಿಲ್ಲ. ಜಗಲಿ ಹೋದದ್ದು ಜಾಗ ಸಾಲದೆ. ನಮ್ಮ ಮನಸ್ಸು ದೊಡ್ಡದಾಯಿತೆಂದಲ್ಲ. ಮನಸ್ಸಿನ ಮಾತು ಬೇರೆ. ಅದನ್ನು ಒಬ್ಬೊಬ್ಬರೂ ಅವರವರೇ ಕೆಡವಿ ಕಟ್ಟಬೇಕು. ಸುಗ್ಗಿ ಮುಗಿದಮೇಲೆ ಮಲ್ಲಿತಮ್ಮನ ಕೆಲಸವನ್ನು ಇನ್ನೊಂದು ಸಲ ನೋಡಲು ಬರಬೇಕೆಂದು ಮೇಷ್ಟರನ್ನು ಕರೆದಿದ್ದೇನೆ, ಬರುತ್ತೇನೆಂದಿದ್ದಾರೆ. ಕಾಫಿಯನ್ನು ಅಡುಗೆಮನೆಯಲ್ಲೇ ಕೂತು ಕುಡಿಯೋಣವೆಂದಿದ್ದೇನೆ. ಲೋಟವನ್ನು ನಾನು ತೊಳೆಯುತ್ತೇನೆ.